ಎರಡು ಓಎಸ್ ಇರುವ ಕಂಪ್ಯೂಟರ್ ಬೂಟ್ ಆಗದಿದ್ದರೆ: ಲಕ್ಷಣ ನೋಡಿ ದೋಷ ಹಿಡಿಯುವ ಬಗೆ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಹಳೆಯ ಯಂತ್ರಗಳಲ್ಲಿ ವಿಂಡೋಸ್ 11 ಕೂರುವುದಿಲ್ಲ, ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್ ಬೇಕು ಅನ್ನುತ್ತದೆ. ಹಾಗಾಗಿ ಮುಂಬೈ, ಪುಣೆ ಕಡೆಯ ನಮ್ಮವರ ಮನೆಗಳಲ್ಲಿ ಒಂದೇ ಡಿಸ್ಕಿನಲ್ಲಿ ವಿಂಡೋಸೂ ಲಿನಕ್ಸೂ ಅಂತ ಎರಡು ಓಎಸ್ (ಆಪರೇಟಿಂಗ್ ಸಿಸ್ಟಮ್) ಇರುವುದು, ಅಂದರೆ ಡ್ಯುಯಲ್ ಬೂಟ್, ಈಗ ಜಾಸ್ತಿಯಾಗಿದೆ. ಮಾಟುಂಗಾದ ಹೋಟೆಲಿನ ಗಲ್ಲಾ ಮೇಲೆ ಬಿಲ್ಲಿಂಗಿಗೆ ವಿಂಡೋಸ್ ಬೇಕು, ರಾತ್ರಿ ಅದೇ ಕಂಪ್ಯೂಟರಿನಲ್ಲಿ ಮಗ ಕಾಲೇಜಿನ ಪ್ರೋಗ್ರಾಮಿಂಗಿಗೆ ಉಬುಂಟು ಅನ್ನುವ ಲಿನಕ್ಸ್ ಹಾಕಿಕೊಂಡಿರುತ್ತಾನೆ. ಪುಣೆಯ ಹಿಂಜವಡಿಯ ಐಟಿ ಕಂಪನಿಗಳಲ್ಲಿ ಕೆಲಸ ಮಾಡುವವರ ಸ್ವಂತ ಲ್ಯಾಪ್‌ಟಾಪಿನಲ್ಲೂ ಹೀಗೇ. ಎಲ್ಲ ಸರಿಯಾಗಿಯೇ ನಡೆಯುತ್ತಿರುತ್ತದೆ, ಒಂದು ದಿನ ಬೆಳಿಗ್ಗೆ ಆನ್ ಮಾಡಿದರೆ ಕಪ್ಪು ಪರದೆ ಮತ್ತು ಅರ್ಥವಾಗದ ಒಂದು ಸಾಲು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಬೂಟ್ ಆಗದಿರುವುದು ಬೇರೆ, ಡೇಟಾ ಹೋಗುವುದು ಬೇರೆ. ಓಎಸ್ ಎಲ್ಲಿದೆ ಅಂತ ಹುಡುಕಿ ಎಬ್ಬಿಸುವ ಬೂಟ್ ಲೋಡರ್ ಅಂದರೆ ಮನೆಯ ವಿಳಾಸ ಬರೆದ ಚೀಟಿ ಇದ್ದ ಹಾಗೆ. ಚೀಟಿ ಕಳೆದರೆ ಮನೆ ಬಿದ್ದುಹೋಗುವುದಿಲ್ಲ. ಬೂಟ್ ಕೆಟ್ಟಾಗ ಬಹಳ ಸಲ ಫೋಟೋ, ಲೆಕ್ಕದ ಫೈಲು, ಪ್ರಾಜೆಕ್ಟು ಎಲ್ಲ ಡಿಸ್ಕಿನಲ್ಲಿ ಹಾಗೆಯೇ ಇರುತ್ತವೆ. ಅವು ಹೋಗುವುದು ಆಮೇಲೆ, ಗಾಬರಿಯಲ್ಲಿ ನಾವು ಒತ್ತುವ ಬಟನ್‌ಗಳಿಂದ. ಅದಕ್ಕೆ ಈ ಕ್ರಮ: ಮೊದಲು ಬರೀ ನೋಡುವ ಕೆಲಸ, ಆಮೇಲೆ ಸೆಟ್ಟಿಂಗ್ ಬದಲಿಸುವ ಕೆಲಸ, ಡಿಸ್ಕಿಗೆ ಬರೆಯುವ ಕೆಲಸ ಕೊನೆಗೆ.

ಕಮಾಂಡುಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಮಾಡಬೇಕು.

ಏನನ್ನೂ ಮುಟ್ಟುವ ಮೊದಲು

ಪರದೆಯ ಮೇಲೆ ಏನು ಬಂದಿದೆಯೋ ಅದರ ಫೋಟೋ ತೆಗೆದುಕೊಳ್ಳಿ. ಆ ಒಂದು ಸಾಲಿನಲ್ಲೇ ಅರ್ಧ ಉತ್ತರ ಇರುತ್ತದೆ. ರೀಸ್ಟಾರ್ಟ್ ಮಾಡಿದ ಮೇಲೆ ಅದು ಮತ್ತೆ ಬರದೇ ಹೋಗಬಹುದು.

ಪೆನ್‌ಡ್ರೈವ್, ಎಕ್ಸ್‌ಟರ್ನಲ್ ಡಿಸ್ಕ್, ಮೆಮೊರಿ ಕಾರ್ಡ್ ಎಲ್ಲ ಕಿತ್ತು ಒಮ್ಮೆ ಆನ್ ಮಾಡಿ ನೋಡಿ. ಕಂಪ್ಯೂಟರ್ ಆ ಖಾಲಿ ಪೆನ್‌ಡ್ರೈವಿನಿಂದ ಬೂಟ್ ಆಗಲು ಹೋಗಿ ಸೋತು ಕೂತಿರಬಹುದು. ಸಣ್ಣ ವಿಷಯ ಅನ್ನಿಸುತ್ತದೆ, ಆದರೆ ಇದು ತುಂಬಾ ಕಾಣುತ್ತದೆ.

ಮೂರನೆಯದು ಬಿಟ್‌ಲಾಕರ್ ಕೀ. ಬಿಟ್‌ಲಾಕರ್ ಅಂದರೆ ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ. ಹೊಸ ಲ್ಯಾಪ್‌ಟಾಪಿನಲ್ಲಿ ಮೈಕ್ರೋಸಾಫ್ಟ್ ಅಕೌಂಟ್ ಹಾಕಿ ವಿಂಡೋಸ್ ಶುರು ಮಾಡಿದ್ದರೆ ಡಿಸ್ಕ್ ನಿಮಗೆ ಹೇಳದೆಯೇ ಎನ್‌ಕ್ರಿಪ್ಟ್ ಆಗಿರಬಹುದು. ನೀವು ಬಯೋಸಿನಲ್ಲಿ (ಓಎಸ್ ಏಳುವ ಮೊದಲೇ ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್ ಪುಟ) ಸೆಕ್ಯೂರ್ ಬೂಟನ್ನೋ (ನಂಬಿಕೆಯ ಸಹಿ ಇರುವ ಬೂಟ್ ಫೈಲನ್ನು ಮಾತ್ರ ಬಿಡುವ ಕಾವಲು) ಬೂಟ್ ಕ್ರಮವನ್ನೋ ಬದಲಿಸಿದ ಕೂಡಲೇ ವಿಂಡೋಸ್ 48 ಅಂಕಿಯ ರಿಕವರಿ ಕೀ ಕೇಳಬಹುದು. ಮೊದಲೇ ಫೋನಿನಿಂದ ಆ ಅಕೌಂಟಿಗೆ ಲಾಗಿನ್ ಆಗಿ ಕೀ ಇದೆಯಾ ನೋಡಿ, ಕಾಗದದ ಮೇಲೆ ಬರೆದಿಡಿ. ಆಫೀಸಿನ ಲ್ಯಾಪ್‌ಟಾಪ್ ಆದರೆ ಕೀ ಆಫೀಸಿನ ಐಟಿಯವರ ಹತ್ತಿರ ಇರುತ್ತದೆ. ಅದನ್ನು ನೀವೇ ರಿಪೇರಿ ಮಾಡಲು ಹೋಗಲೇಬೇಡಿ.

ಲೋಗೋ ಕೂಡ ಬರುವುದಿಲ್ಲ, ಅಥವಾ ಬೀಪ್ ಹೊಡೆಯುತ್ತದೆ

ಕಂಪನಿಯ ಲೋಗೋನೇ ಬರದಿದ್ದರೆ ಅದು ಡ್ಯುಯಲ್ ಬೂಟಿನ ತೊಂದರೆ ಅಲ್ಲ. ಗ್ರಬ್ (ಲಿನಕ್ಸಿನ ಬೂಟ್ ಲೋಡರ್, ಯಾವ ಓಎಸ್ ಬೇಕು ಅಂತ ಕೇಳುವ ಮೆನು ಇದರದೇ), ವಿಂಡೋಸ್ ಯಾವುದೂ ಇನ್ನೂ ಕಣ್ಣೇ ಬಿಟ್ಟಿಲ್ಲ. ಇದು ಹಾರ್ಡ್‌ವೇರ್.

ನಮ್ಮ ಕರಾವಳಿಯಲ್ಲಿ ಜೂನಿನಿಂದ ಸೆಪ್ಟೆಂಬರಿನ ತನಕ ಇಂಥ ಕೇಸ್ ಬಂದರೆ ನಾನು ಮೊದಲು ಅನುಮಾನ ಪಡುವುದು ರ್‍ಯಾಮ್ ಮೇಲೆ. ಮುಂಬೈ, ಗೋವಾದ ಮಳೆಗಾಲದ ಹವೆಯಲ್ಲಿ ತೇವ ಜಾಸ್ತಿ, ಸಮುದ್ರದ ಉಪ್ಪೂ ಸೇರುತ್ತದೆ, ಪಿನ್ನುಗಳ ಮೇಲೆ ತೆಳುವಾದ ಪೊರೆ ಕೂರುತ್ತದೆ. ಡೆಸ್ಕ್‌ಟಾಪ್ ಆದರೆ ಪ್ಲಗ್ ಕಿತ್ತು, ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿದು, ಕ್ಯಾಬಿನೆಟ್ಟಿನ ಬರೀ ಲೋಹವನ್ನು ಒಮ್ಮೆ ಮುಟ್ಟಿ, ಆಮೇಲೆ ರ್‍ಯಾಮ್ ತೆಗೆದು ಅದರ ಚಿನ್ನದ ಬಣ್ಣದ ಅಂಚನ್ನು ಮೆತ್ತಗಿನ ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿ ಒರೆಸಿ, ಕ್ಲಿಕ್ ಅನ್ನುವ ತನಕ ಒತ್ತಿ ಕೂರಿಸಿ. ಎರಡು ರ್‍ಯಾಮ್ ಇದ್ದರೆ ಒಂದೊಂದೇ ಹಾಕಿ ನೋಡಿ.

ಕರೆಂಟ್ ಕೊಡುವ ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತರೂ ಒಳಗಿನ ಕೆಪಾಸಿಟರಿನಲ್ಲಿ ಕರೆಂಟ್ ಉಳಿದಿರುತ್ತದೆ. ಲ್ಯಾಪ್‌ಟಾಪಿನ ಬ್ಯಾಟರಿ ಉಬ್ಬಿದ್ದರೆ, ಟಚ್‌ಪ್ಯಾಡ್ ಮೇಲೆದ್ದು ಬಂದಿದ್ದರೆ, ಚಾರ್ಜಿಗೆ ಹಾಕುವುದನ್ನು ಅಲ್ಲಿಗೇ ನಿಲ್ಲಿಸಿ. ಉಬ್ಬಿದ ಬ್ಯಾಟರಿ ಬೆಂಕಿ ಹಿಡಿಯಬಹುದು. ನೇರ ಅಂಗಡಿಗೆ.

ಲೋಗೋ ಬರುತ್ತದೆ, ಆಮೇಲೆ ಬೂಟ್ ಡಿವೈಸ್ ಸಿಗಲಿಲ್ಲ ಅನ್ನುತ್ತದೆ

ಆನ್ ಮಾಡಿದ ಕೂಡಲೇ ಕೀ ಒತ್ತಿ ಬಯೋಸಿಗೆ ಹೋಗಿ. ಡೆಲ್, ಏಸುಸ್, ಏಸರ್‌ಗಳಲ್ಲಿ ಸಾಮಾನ್ಯವಾಗಿ ಎಫ್2, ಎಚ್‌ಪಿಯಲ್ಲಿ ಎಫ್10. ಥಿಂಕ್‌ಪ್ಯಾಡಿನಲ್ಲಿ ಎಫ್1. ಒಳಗೆ ನೋಡಬೇಕಾದದ್ದು ಒಂದೇ: ಡಿಸ್ಕಿನ ಹೆಸರು ಕಾಣುತ್ತದೆಯೋ ಇಲ್ಲವೋ.

ಡಿಸ್ಕ್ ಕಾಣದಿದ್ದರೆ ಕೇಬಲ್, ಸ್ಲಾಟ್ ಅಥವಾ ಡಿಸ್ಕೇ ಕೆಟ್ಟಿದೆ. ಡೆಸ್ಕ್‌ಟಾಪಿನಲ್ಲಿ ಸಾಟಾ ಕೇಬಲನ್ನು ಎರಡೂ ಕಡೆ ಕಿತ್ತು ಹಾಕಿ, ಆಗದಿದ್ದರೆ ಬೇರೆ ಕೇಬಲ್ ಹಾಕಿ. ಹಾರ್ಡ್ ಡಿಸ್ಕಿನಿಂದ ಟಿಕ್ ಟಿಕ್ ಅಂತ ಒಂದೇ ಲಯದಲ್ಲಿ ಸದ್ದು ಬರುತ್ತಿದ್ದರೆ ಆಫ್ ಮಾಡಿ, ಮತ್ತೆ ಆನ್ ಮಾಡಬೇಡಿ. ಒಳಗಿನ ಹೆಡ್ ಕೆಟ್ಟಿರುತ್ತದೆ, ತಿರುಗಿದಷ್ಟೂ ಹಾನಿ. ಆ ಡಿಸ್ಕಿನಲ್ಲಿ ಮುಖ್ಯವಾದದ್ದು ಇದ್ದರೆ ಡೇಟಾ ರಿಕವರಿ ಮಾಡುವವರ ಕೈಗೆ ಕೊಡುವುದು ಬಿಟ್ಟು ಬೇರೆ ದಾರಿ ಇಲ್ಲ.

ಡಿಸ್ಕ್ ಕಾಣುತ್ತದೆ, ಆದರೂ ಬೂಟ್ ಆಗುವುದಿಲ್ಲ ಅಂದರೆ ಬಯೋಸಿನ ತಾರೀಕು ನೋಡಿ. ತಾರೀಕು ಎಷ್ಟೋ ವರ್ಷ ಹಿಂದಕ್ಕೆ ಹೋಗಿದ್ದರೆ ಮದರ್‌ಬೋರ್ಡಿನ ಬಟನ್ ಸೆಲ್ ಮುಗಿದಿದೆ. ಡೆಸ್ಕ್‌ಟಾಪಿನಲ್ಲಿ ಅದು ಸಾಮಾನ್ಯವಾಗಿ ಸಿಆರ್ 2032, 3 ವೋಲ್ಟಿನದು, ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಸೆಲ್ ಸತ್ತರೆ ತಾರೀಕು ಮಾತ್ರ ಹೋಗುವುದಿಲ್ಲ. ಬಯೋಸಿನ ಸೆಟ್ಟಿಂಗುಗಳು ಕಾರ್ಖಾನೆಯಿಂದ ಬಂದ ಹಾಗೆ ಆಗಬಹುದು. ಬೂಟ್ ಆಗುವ ಹೊಸ ಬಗೆಯಾದ ಯುಇಎಫ್‌ಐ ಇದ್ದದ್ದು ಹಳೆಯ ಬಗೆಯಾದ ಲೆಗಸಿಗೆ, ಡಿಸ್ಕಿನ ಜೊತೆ ಮಾತಾಡುವ ಮೋಡ್ ಎಎಚ್‌ಸಿಐ ಇದ್ದದ್ದು ರೇಡ್‌ಗೆ ಹೋಗಬಹುದು. ಡಿಸ್ಕ್ ಸರಿ ಇದೆ, ಪಾರ್ಟಿಶನ್ (ಡಿಸ್ಕಿನಲ್ಲಿ ಮಾಡಿದ ಭಾಗ) ಸರಿ ಇದೆ, ಆದರೂ ಏನೂ ಬೂಟ್ ಆಗುವುದಿಲ್ಲ. ಇದು ಗೊತ್ತಿಲ್ಲದೆ ವಿಂಡೋಸ್ ಮತ್ತೆ ಹಾಕಿಸಿಕೊಂಡು ಲಿನಕ್ಸ್ ಕಳೆದುಕೊಂಡವರಿದ್ದಾರೆ. ಸೆಲ್ ಬದಲಿಸಿ, ಮೋಡನ್ನು ಮೊದಲಿನ ಹಾಗೆ ಮಾಡಿ, ಅಷ್ಟೇ.

ಯಾವ ಮೋಡ್ ಇತ್ತು ಅಂತ ನೆನಪಿಲ್ಲವಾ? ವಿಂಡೋಸ್ 8ರ ನಂತರ ಕಂಪನಿಯಿಂದಲೇ ವಿಂಡೋಸ್ ಹಾಕಿ ಬಂದ ಯಂತ್ರವಾದರೆ ಯುಇಎಫ್‌ಐ ಅಂತಲೇ ಶುರು ಮಾಡಿ. ಡಿಸ್ಕ್ ಜಿಪಿಟಿ (ಪಾರ್ಟಿಶನ್ ಪಟ್ಟಿ ಬರೆಯುವ ಹೊಸ ಪದ್ಧತಿ) ಆಗಿದ್ದು, 100 ಎಂಬಿಯಷ್ಟು ಸಣ್ಣ ಫ್ಯಾಟ್32 ಪಾರ್ಟಿಶನ್ (ಇದೇ ಇಎಫ್‌ಐ ಪಾರ್ಟಿಶನ್) ಒಂದಿದ್ದರೆ ಅದೂ ಯುಇಎಫ್‌ಐ ಗುರುತೇ. ಎಂಬಿಆರ್ (ಹಳೆಯ ಪದ್ಧತಿ) ಡಿಸ್ಕ್ ಆದರೆ ಲೆಗಸಿ.

ಮೆನು ಬರದೆ ಸೀದಾ ವಿಂಡೋಸ್ ತೆರೆಯುತ್ತದೆ

ಇದು ಎಲ್ಲಕ್ಕಿಂತ ಸಾಮಾನ್ಯ, ಎಲ್ಲಕ್ಕಿಂತ ಸುಲಭ. ವಿಂಡೋಸಿನ ದೊಡ್ಡ ಅಪ್‌ಡೇಟ್ ಆದ ಮೇಲೆ, ಇಲ್ಲವೇ ಬಯೋಸ್ ಅಪ್‌ಡೇಟ್ ಆದ ಮೇಲೆ ವಿಂಡೋಸ್ ಬೂಟ್ ಮ್ಯಾನೇಜರ್ ಸಾಲಿನಲ್ಲಿ ಮುಂದಕ್ಕೆ ಬಂದು ನಿಂತಿರುತ್ತದೆ. ಲಿನಕ್ಸ್ ಎಲ್ಲೂ ಹೋಗಿರುವುದಿಲ್ಲ.

ಬಯೋಸಿಗೆ ಹೋಗುವ ಮೊದಲು ಒಂದು ಪರೀಕ್ಷೆ. ವಿಂಡೋಸಿನಲ್ಲಿ ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಮೇಲೆ ಕ್ಲಿಕ್ ಮಾಡಿ. ನೀಲಿ ಮೆನುವಿನಲ್ಲಿ 'ಯೂಸ್ ಎ ಡಿವೈಸ್' ಅನ್ನುವುದನ್ನು ತೆರೆದರೆ ಅಲ್ಲಿ ಉಬುಂಟು ಹೆಸರು ಇರಬೇಕು. ಅದರಿಂದ ಲಿನಕ್ಸ್ ತೆರೆದರೆ ಮುಗಿಯಿತು, ಕೆಟ್ಟಿರುವುದು ಕ್ರಮ ಮಾತ್ರ. ಬಯೋಸಿನ ಬೂಟ್ ಪುಟದಲ್ಲಿ ಉಬುಂಟುವನ್ನು ಮೊದಲ ಸ್ಥಾನಕ್ಕೆ ತನ್ನಿ. ಕೆಲವು ಏಸರ್ ಲ್ಯಾಪ್‌ಟಾಪುಗಳಲ್ಲಿ ಸೂಪರ್‌ವೈಸರ್ ಪಾಸ್‌ವರ್ಡ್ ಇಟ್ಟ ಮೇಲೆಯೇ ಉಬುಂಟುವಿನ ಫೈಲನ್ನು ನಂಬಿಕೆಯ ಪಟ್ಟಿಗೆ ಸೇರಿಸಲು ಬಿಡುತ್ತದೆ. ಆ ಪಾಸ್‌ವರ್ಡನ್ನು ದಯವಿಟ್ಟು ಬರೆದಿಡಿ, ಮರೆತರೆ ಅದೇ ಹೊಸ ತಲೆನೋವು.

ಪಟ್ಟಿಯಲ್ಲಿ ಉಬುಂಟು ಹೆಸರೇ ಇಲ್ಲ ಅಂದರೆ ಲೈವ್ ಪೆನ್‌ಡ್ರೈವ್ (ಡಿಸ್ಕ್ ಮುಟ್ಟದೆ ತನ್ನಿಂದಲೇ ಲಿನಕ್ಸ್ ಓಡಿಸುವ ಪೆನ್‌ಡ್ರೈವ್) ಬೇಕು, ಅದು ಮುಂದೆ ಬರುತ್ತದೆ. ಹಳೆಯ ಲೆಗಸಿ ಯಂತ್ರದಲ್ಲಿ ವಿಂಡೋಸನ್ನು ಮತ್ತೆ ಇನ್‌ಸ್ಟಾಲ್ ಮಾಡಿದ್ದರೂ ಹೀಗೇ ಆಗುತ್ತದೆ. ಅಲ್ಲಿ ಎಂಬಿಆರ್ ಅಂದರೆ ಡಿಸ್ಕಿನ ಮೊದಲ 512 ಬೈಟು, ಅದರಲ್ಲಿ ಒಬ್ಬರಿಗೇ ಜಾಗ. ವಿಂಡೋಸ್ ಬರೆದರೆ ಗ್ರಬ್ ಹೋಯಿತು.

ಮೆನು ಬರುತ್ತದೆ, ಅದರಲ್ಲಿ ವಿಂಡೋಸ್ ಇಲ್ಲ

ಗಾಬರಿ ಬೇಡ. ಗ್ರಬ್ 2.06 ಆವೃತ್ತಿ 2021ರಲ್ಲಿ ಬಂದಾಗಿನಿಂದ ಬೇರೆ ಓಎಸ್‌ಗಳನ್ನು ಹುಡುಕುವ ಓಎಸ್-ಪ್ರೋಬರ್ ಅನ್ನುವ ಸಾಧನವನ್ನು ಮೊದಲಿನಿಂದಲೇ ಮುಚ್ಚಿ ಇಟ್ಟಿರುತ್ತಾರೆ. ಲಿನಕ್ಸಿನಲ್ಲಿ ಇಟಿಸಿ ಫೋಲ್ಡರಿನೊಳಗೆ ಡಿಫಾಲ್ಟ್, ಅದರೊಳಗೆ ಗ್ರಬ್ ಅನ್ನುವ ಫೈಲ್ ತೆರೆಯಿರಿ. ಅಲ್ಲಿ 'ಗ್ರಬ್ ಡಿಸೇಬಲ್ ಓಎಸ್ ಪ್ರೋಬರ್' ಅನ್ನುವ ಸಾಲು ಇದ್ದು ಸಾಲಿನ ಶುರುವಿಗೆ ಹ್ಯಾಶ್ (#) ಗುರುತಿದ್ದರೆ ಹ್ಯಾಶ್ ತೆಗೆಯಿರಿ, ಈಕ್ವಲ್ ಗುರುತು ಆದ ಮೇಲೆ ಫಾಲ್ಸ್ ಇರಲಿ. ಸಾಲೇ ಇಲ್ಲದಿದ್ದರೆ ಸೇರಿಸಿ: ಎಲ್ಲ ದೊಡ್ಡಕ್ಷರ, ಪದಗಳ ನಡುವೆ ಅಂಡರ್‌ಸ್ಕೋರ್, ಆಮೇಲೆ ಈಕ್ವಲ್ ಗುರುತು, ಫಾಲ್ಸ್ ಮಾತ್ರ ಸಣ್ಣಕ್ಷರ. ಉಳಿಸಿ 'ಸುಡೋ ಅಪ್‌ಡೇಟ್-ಗ್ರಬ್' ಕೊಡಿ. ಓಡುವಾಗ ವಿಂಡೋಸ್ ಬೂಟ್ ಮ್ಯಾನೇಜರ್ ಸಿಕ್ಕಿತು ಅನ್ನುವ ಸಾಲು ಬರಬೇಕು.

ಬರಲಿಲ್ಲ ಅಂದರೆ? ಒಂದು ಓಎಸ್ ಯುಇಎಫ್‌ಐಯಲ್ಲಿ, ಇನ್ನೊಂದು ಲೆಗಸಿಯಲ್ಲಿ ಇನ್‌ಸ್ಟಾಲ್ ಆಗಿರಬಹುದು. ಒಂದು ಮೋಡಿನ ಗ್ರಬ್ ಇನ್ನೊಂದು ಮೋಡಿನ ವಿಂಡೋಸನ್ನು ತೆರೆಯಲಾರದು. ಎರಡೂ ಒಂದೇ ಮೋಡಿಗೆ ಬರುವ ತನಕ ಆನ್ ಮಾಡುವಾಗ ಬೂಟ್ ಮೆನುವಿನ ಕೀ ಒತ್ತಿ ಆರಿಸಿಕೊಳ್ಳಬಹುದು. ಡೆಲ್ಲಿನಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9.

ಕಪ್ಪು ಪರದೆ, 'ಗ್ರಬ್' ಅಥವಾ 'ಗ್ರಬ್ ರೆಸ್ಕ್ಯೂ' ಅಂತ ಬರೆದು ನಿಂತಿದೆ

ನಿಧಾನವಾಗಿ ನೋಡಬೇಕಾದ ಜಾಗ ಇದು. ಜನ ಅತಿ ಹೆಚ್ಚು ಹೆದರುವುದೂ ಇಲ್ಲೇ, ಹೆದರಿ ಫಾರ್ಮ್ಯಾಟ್ ಮಾಡಿಸುವುದೂ ಇಲ್ಲೇ.

ಮೊದಲು ಕಾರಣ. ಬಹಳ ಸಲ ನಡೆಯುವುದು ಹೀಗೆ. ವಿಂಡೋಸಿನಲ್ಲಿ ಜಾಗ ಸಾಲುತ್ತಿರುವುದಿಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ ಅಲ್ಲಿ 80, 100 ಜಿಬಿಯ ಒಂದು ಪಾರ್ಟಿಶನ್ ಹೆಸರಿಲ್ಲದೆ, ಡ್ರೈವ್ ಲೆಟರ್ ಇಲ್ಲದೆ ಕೂತಿರುತ್ತದೆ. ಖಾಲಿ ಅಂದುಕೊಂಡು ಅಳಿಸುತ್ತಾರೆ. ಅದು ಖಾಲಿ ಅಲ್ಲ, ಅದೇ ಲಿನಕ್ಸ್. ವಿಂಡೋಸಿಗೆ ಲಿನಕ್ಸಿನ ಎಕ್ಸ್ಟ್4 ಫೈಲ್‌ಸಿಸ್ಟಮ್ ಓದಲು ಬರುವುದಿಲ್ಲ, ಅದಕ್ಕೆ ಹಾಗೆ ಕಾಣುತ್ತದೆ. ಅದಕ್ಕೆ ಡ್ರೈವ್ ಲೆಟರ್ ಕೊಟ್ಟರೆ 'ಈ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು' ಅಂತ ಕೇಳುತ್ತದೆ. ಕ್ಯಾನ್ಸಲ್ ಒತ್ತಿ. ಯಾವಾಗಲೂ ಕ್ಯಾನ್ಸಲ್.

ಎರಡನೆಯ ಕಾರಣ ಇಷ್ಟು ಕೆಟ್ಟದ್ದಲ್ಲ. ಮಧ್ಯದ ಒಂದು ಪಾರ್ಟಿಶನ್ ಒಡೆದೋ ಸೇರಿಸಿಯೋ ನಂಬರ್ ಬದಲಾಗಿರುತ್ತದೆ. ನಿನ್ನೆ 5 ಇದ್ದದ್ದು ಇವತ್ತು 6. ಗ್ರಬ್ ಇನ್ನೂ 5ರಲ್ಲಿ ಹುಡುಕುತ್ತಿದೆ.

'ಗ್ರಬ್ ರೆಸ್ಕ್ಯೂ' ಅಂದರೆ ಗ್ರಬ್ಬಿನ ಸಣ್ಣ ತಿರುಳು ಮಾತ್ರ ಎದ್ದಿದೆ, ಅದರ ಉಳಿದ ಭಾಗ ಸಿಕ್ಕಿಲ್ಲ. ಹಳೆಯ ಲೆಗಸಿ ಯಂತ್ರಗಳಲ್ಲಿ ಇದು ಜಾಸ್ತಿ. ಬರೀ 'ಗ್ರಬ್' ಅಂತ ಇದ್ದರೆ ಗ್ರಬ್ ಪೂರ್ತಿ ಎದ್ದಿದೆ, ಮೆನುವಿನ ಫೈಲ್ ಮಾತ್ರ ಸಿಕ್ಕಿಲ್ಲ. ಯುಇಎಫ್‌ಐ ಯಂತ್ರಗಳಲ್ಲಿ ಇದೇ ಜಾಸ್ತಿ.

ತುರ್ತಾಗಿ ವಿಂಡೋಸ್ ಬೇಕು, ಹೋಟೆಲಿನಲ್ಲಿ ಗಿರಾಕಿ ನಿಂತಿದ್ದಾರೆ ಅಂದರೆ ಆಫ್ ಮಾಡಿ, ಬೂಟ್ ಮೆನುವಿನ ಕೀ ಒತ್ತಿ ವಿಂಡೋಸ್ ಬೂಟ್ ಮ್ಯಾನೇಜರ್ ಆರಿಸಿ. ಯುಇಎಫ್‌ಐಯಲ್ಲಿ ಅದು ಗ್ರಬ್ಬನ್ನು ನಂಬಿಕೊಂಡಿಲ್ಲ. ಕೆಲಸ ಮುಗಿಸಿ, ಸಂಜೆ ಉಳಿದದ್ದು ನೋಡಿದರಾಯಿತು. ಲಿನಕ್ಸನ್ನು ಬೇಕೆಂದೇ ಅಳಿಸಿದ್ದರೆ ಬಯೋಸಿನಲ್ಲಿ ವಿಂಡೋಸನ್ನು ಮೊದಲಿಗೆ ಇಟ್ಟರೆ ಅಲ್ಲಿಗೇ ಮುಗಿಯಿತು.

ಲಿನಕ್ಸ್ ಬೇಕು ಅಂದರೆ 'ಎಲ್‌ಎಸ್' ಅಂತ ಟೈಪ್ ಮಾಡಿ. ಇದು ಬರೀ ನೋಡುವ ಕಮಾಂಡ್, ಹಾನಿ ಇಲ್ಲ. ಕಂಸದೊಳಗೆ 'ಎಚ್‌ಡಿ0, ಜಿಪಿಟಿ5' ಥರ ಹೆಸರುಗಳು ಬರುತ್ತವೆ. ಒಂದೊಂದನ್ನೂ ಕಂಸ ಸಮೇತ, 'ಎಲ್‌ಎಸ್' ಆದ ಮೇಲೆ ಜಾಗ ಬಿಟ್ಟು ಬರೆದು, ಕೊನೆಗೆ ಓರೆಗೆರೆ (/) ಹಾಕಿ ಎಂಟರ್ ಕೊಡಿ. ಬೂಟ್, ಹೋಮ್, ಇಟಿಸಿ ಅನ್ನುವ ಫೋಲ್ಡರುಗಳು ಎಲ್ಲಿ ಕಾಣುತ್ತವೆಯೋ ಅದೇ ನಿಮ್ಮ ಲಿನಕ್ಸ್. ಕೆಲವಕ್ಕೆ 'ಅನ್‌ನೋನ್ ಫೈಲ್‌ಸಿಸ್ಟಮ್' ಅನ್ನುತ್ತದೆ. ಅವು ವಿಂಡೋಸಿನವು ಇರಬಹುದು, ಕೆಟ್ಟಿವೆ ಅಂತ ಅರ್ಥವಲ್ಲ.

ಸಿಕ್ಕಿತಾ? ರೆಸ್ಕ್ಯೂ ಪರದೆಯಲ್ಲಿ ನಾಲ್ಕು ಸಾಲು. 'ಸೆಟ್ ರೂಟ್' ಈಕ್ವಲ್ ಆ ಕಂಸದ ಹೆಸರು. 'ಸೆಟ್ ಪ್ರಿಫಿಕ್ಸ್' ಈಕ್ವಲ್ ಅದೇ ಹೆಸರು, ಮುಂದೆ ಓರೆಗೆರೆ ಬೂಟ್ ಓರೆಗೆರೆ ಗ್ರಬ್. ಆಮೇಲೆ 'ಇನ್ಸ್‌ಮಾಡ್ ನಾರ್ಮಲ್'. ಕೊನೆಗೆ 'ನಾರ್ಮಲ್'. ಈಕ್ವಲ್ ಗುರುತಿನ ಅಕ್ಕಪಕ್ಕ ಜಾಗ ಬಿಡಬಾರದು. ಮೆನು ಎದ್ದು ಬರಬೇಕು. ಬರೀ 'ಗ್ರಬ್' ಪರದೆಯಲ್ಲಿ ಇನ್ನೂ ಸುಲಭ: 'ಕಾನ್ಫಿಗ್‌ಫೈಲ್' ಅಂತ ಬರೆದು, ಜಾಗ ಬಿಟ್ಟು, ಆ ಹೆಸರಿನ ಮುಂದೆ ಬೂಟ್, ಗ್ರಬ್ ಫೋಲ್ಡರಿನೊಳಗಿನ 'ಗ್ರಬ್ ಡಾಟ್ ಸಿಎಫ್‌ಜಿ' ಫೈಲಿನ ಪೂರ್ತಿ ದಾರಿ ಕೊಡಿ.

ಹೀಗೆ ಒಳಗೆ ಹೋದದ್ದು ಆ ಒಂದು ಸಲಕ್ಕೆ ಮಾತ್ರ. ಲಿನಕ್ಸ್ ತೆರೆದ ಮೇಲೆ 'ಸುಡೋ ಗ್ರಬ್-ಇನ್‌ಸ್ಟಾಲ್', ಆಮೇಲೆ 'ಸುಡೋ ಅಪ್‌ಡೇಟ್-ಗ್ರಬ್' ಕೊಟ್ಟರೆ ಶಾಶ್ವತ. ಲೆಗಸಿ ಯಂತ್ರದಲ್ಲಿ ಗ್ರಬ್-ಇನ್‌ಸ್ಟಾಲ್ ಮುಂದೆ ಪೂರ್ತಿ ಡಿಸ್ಕಿನ ಹೆಸರು ಬೇಕು, ಪಾರ್ಟಿಶನ್ ನಂಬರ್ ಹಾಕಬಾರದು.

ಯಾವ ಪಾರ್ಟಿಶನ್ನಿನಲ್ಲೂ ಹೋಮ್, ಇಟಿಸಿ ಕಾಣದಿದ್ದರೆ ಲಿನಕ್ಸ್ ಪಾರ್ಟಿಶನ್ ಅಳಿಸಿಹೋಗಿರಬಹುದು. ಆಗ ಇಲ್ಲಿ ನಿಲ್ಲಿಸಿ, ಪಾರ್ಟಿಶನ್ ಕಾಣೆಯಾದ ಭಾಗ ಓದಿ.

ಲೈವ್ ಪೆನ್‌ಡ್ರೈವಿನಿಂದ ಗ್ರಬ್ ಮತ್ತೆ ಹಾಕುವುದು

8 ಜಿಬಿ ಪೆನ್‌ಡ್ರೈವ್ ಸಾಕು. ಬೇರೆ ಕಂಪ್ಯೂಟರಿನಲ್ಲಿ ರೂಫಸ್ ಅನ್ನುವ ಪ್ರೋಗ್ರಾಮ್ ಬಳಸಿ ಉಬುಂಟು ಬರೆಯಿರಿ. ಪೆನ್‌ಡ್ರೈವಿನಲ್ಲಿ ಇದ್ದದ್ದೆಲ್ಲ ಅಳಿಯುತ್ತದೆ, ಮದುವೆ ಫೋಟೋ ಇದ್ದರೆ ಮೊದಲು ತೆಗೆದಿಡಿ. ಬೂಟ್ ಆದ ಮೇಲೆ 'ಟ್ರೈ ಉಬುಂಟು' ಆರಿಸಿ, ಇನ್‌ಸ್ಟಾಲ್ ಅಲ್ಲ.

ಒಳಗೆ ಹೋದ ಕೂಡಲೇ ರಿಪೇರಿಗೆ ಕೈ ಹಾಕಬೇಡಿ. ಮೊದಲು ಫೈಲುಗಳನ್ನು ತೆರೆದು ನೋಡಿ, ಮುಖ್ಯವಾದದ್ದನ್ನು ಎಕ್ಸ್‌ಟರ್ನಲ್ ಡಿಸ್ಕಿಗೆ ಕಾಪಿ ಮಾಡಿ. ಇದಕ್ಕಿಂತ ದೊಡ್ಡ ಸಲಹೆ ಈ ಬರಹದಲ್ಲಿ ಬೇರೆ ಇಲ್ಲ. ಫೈಲು ಕೈಯಲ್ಲಿದ್ದರೆ ಮುಂದಿನದ್ದನ್ನು ಧೈರ್ಯವಾಗಿ ಮಾಡಬಹುದು, ಅಲ್ವಾ?

ಪೆನ್‌ಡ್ರೈವ್ ಕೂಡ ನಿಮ್ಮ ಓಎಸ್‌ಗಳ ಮೋಡಿನಲ್ಲೇ ಬೂಟ್ ಆಗಿರಬೇಕು. ಸಿಸ್ ಫೋಲ್ಡರಿನೊಳಗಿನ ಫರ್ಮ್‌ವೇರಿನಲ್ಲಿ ಇಎಫ್‌ಐ ಅನ್ನುವ ಫೋಲ್ಡರ್ ಇದ್ದರೆ ಯುಇಎಫ್‌ಐ, ಇಲ್ಲದಿದ್ದರೆ ಲೆಗಸಿ. ಇದು ತಪ್ಪಿದರೆ ಗ್ರಬ್ ತಪ್ಪು ಜಾಗದಲ್ಲಿ ಕೂರುತ್ತದೆ, ರಿಪೇರಿ ಆಯಿತು ಅಂತ ಬಂದರೂ ಏನೂ ಬದಲಾಗುವುದಿಲ್ಲ.

ಕಮಾಂಡ್ ಇಷ್ಟವಿಲ್ಲದವರಿಗೆ ಬೂಟ್-ರಿಪೇರ್ ಅನ್ನುವ ಪ್ರೋಗ್ರಾಮ್ ಇದೆ. ಅದರಲ್ಲಿ ಮೊದಲು ವರದಿ ಮಾತ್ರ ತೆಗೆಯುವ ಬಟನ್ ಒತ್ತಿ, ಉಳಿಸಿಕೊಳ್ಳಿ. ಆಮೇಲೆ ಶಿಫಾರಸು ಮಾಡಿದ ರಿಪೇರಿ. ಡಿಸ್ಕ್ ಎರಡಿದ್ದರೆ ಯಾವುದರಲ್ಲಿ ಏನು ಇದೆ ಅನ್ನುವುದನ್ನು 'ಎಲ್‌ಎಸ್‌ಬಿಎಲ್‌ಕೆ' ಕಮಾಂಡಿನಿಂದ ನೋಡಿಕೊಂಡೇ ಮುಂದುವರಿಯಿರಿ. ಏನೇ ಆಗಲಿ ಆ ಸಣ್ಣ ಇಎಫ್‌ಐ ಪಾರ್ಟಿಶನ್ ಮಾತ್ರ ಫಾರ್ಮ್ಯಾಟ್ ಮಾಡಬೇಡಿ. ವಿಂಡೋಸಿನ ಬೂಟ್ ಫೈಲೂ ಉಬುಂಟುವಿನದೂ ಎರಡೂ ಅಲ್ಲೇ ಒಟ್ಟಿಗೆ ಇರುತ್ತವೆ.

ಲಿನಕ್ಸ್ ಸರಿ ಇದೆ, ವಿಂಡೋಸ್ ನೀಲಿ ಪರದೆ ತೋರಿಸುತ್ತದೆ

'ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್' ಅಂತ ಬಂದರೆ ಬಯೋಸಿನ ಸ್ಟೋರೇಜ್ ಮೋಡ್ ಬದಲಾಗಿದೆಯಾ ಅಂತ ಮೊದಲು ನೋಡಿ. ಲಿನಕ್ಸ್ ಇನ್‌ಸ್ಟಾಲ್ ಮಾಡುವಾಗ ಡಿಸ್ಕ್ ಕಾಣಲಿಲ್ಲ ಅಂತ ರೇಡ್‌ನಿಂದ ಎಎಚ್‌ಸಿಐಗೆ ಬದಲಿಸಿದ್ದರೆ ವಿಂಡೋಸ್ ಹೀಗೆ ಮುನಿಯುತ್ತದೆ. ಮತ್ತೆ ರೇಡ್ ಮಾಡಿ, ವಿಂಡೋಸಿಗೆ ಹೋಗಿ, ಬಿಟ್‌ಲಾಕರ್ ಇದ್ದರೆ ಸಸ್ಪೆಂಡ್ ಮಾಡಿ. ಎಂಎಸ್‌ಕಾನ್ಫಿಗ್‌ನ ಬೂಟ್ ಪುಟದಲ್ಲಿ ಸೇಫ್ ಬೂಟ್ ಗುರುತು ಹಾಕಿ ರೀಸ್ಟಾರ್ಟ್ ಮಾಡಿ, ಬಯೋಸಿನಲ್ಲಿ ಎಎಚ್‌ಸಿಐ ಮಾಡಿ. ಸೇಫ್ ಮೋಡಿನಲ್ಲಿ ವಿಂಡೋಸ್ ತನಗೆ ಬೇಕಾದ ಡ್ರೈವರ್ ಎತ್ತಿಕೊಳ್ಳುತ್ತದೆ. ಆಮೇಲೆ ಸೇಫ್ ಬೂಟ್ ಗುರುತು ತೆಗೆದರೆ ಆಯಿತು.

225ರಲ್ಲಿ ಮುಗಿಯುವ ಎರರ್ ಕೋಡ್ ಬಂದು ಬಿಸಿಡಿ (ವಿಂಡೋಸಿನ ಬೂಟ್ ಸೆಟ್ಟಿಂಗ್ ಇರುವ ಫೈಲ್) ಕೆಟ್ಟಿದೆ ಅಂದರೆ ವಿಂಡೋಸಿನ ಇನ್‌ಸ್ಟಾಲ್ ಪೆನ್‌ಡ್ರೈವ್ ಬೇಕು. ಮೊದಲು ಅದರಲ್ಲಿನ ಸ್ಟಾರ್ಟಪ್ ರಿಪೇರ್ ಓಡಿಸಿ. ಆಗಲಿಲ್ಲ ಅಂದರೆ ಕಮಾಂಡ್ ಪ್ರಾಂಪ್ಟಿನಲ್ಲಿ 'ಡಿಸ್ಕ್‌ಪಾರ್ಟ್' ತೆರೆದು, 'ಲಿಸ್ಟ್ ವಾಲ್ಯೂಮ್' ಕೊಟ್ಟು ಫ್ಯಾಟ್32 ಇರುವ ಸಣ್ಣ ವಾಲ್ಯೂಮ್ ಹುಡುಕಿ, ಅದನ್ನು ಆರಿಸಿ ಎಸ್ ಅಕ್ಷರ ಕೊಡಿ. ಹೊರಬಂದು 'ಬಿಸಿಡಿಬೂಟ್' ಕಮಾಂಡಿಗೆ ವಿಂಡೋಸ್ ಫೋಲ್ಡರಿನ ದಾರಿ ಮತ್ತು ಆ ಎಸ್ ಡ್ರೈವ್ ಕೊಟ್ಟರೆ ಬೂಟ್ ಫೈಲುಗಳು ಹೊಸದಾಗಿ ಬರುತ್ತವೆ. ರಿಕವರಿಯಲ್ಲಿ ವಿಂಡೋಸ್ ಇರುವುದು ಸಿ ಡ್ರೈವಿನಲ್ಲೇ ಅಂತ ನಂಬಬೇಡಿ, ಡಿ ಆಗಿರಬಹುದು, 'ಡಿಐಆರ್' ಕೊಟ್ಟು ನೋಡಿಕೊಳ್ಳಿ. ಡಿಸ್ಕ್‌ಪಾರ್ಟಿನಲ್ಲಿ 'ಕ್ಲೀನ್' ಅನ್ನುವ ಪದ ಮಾತ್ರ ಬೆರಳಿಗೂ ಬರಬಾರದು. ಅದು ಕೇಳದೆಯೇ ಪೂರ್ತಿ ಡಿಸ್ಕಿನ ಪಾರ್ಟಿಶನ್ ಪಟ್ಟಿ ಅಳಿಸುತ್ತದೆ.

ಈ ರಿಪೇರಿ ಆದ ಮೇಲೆ ವಿಂಡೋಸ್ ಬೂಟ್ ಕ್ರಮದಲ್ಲಿ ಮುಂದಕ್ಕೆ ಬಂದಿರುತ್ತದೆ, ಗ್ರಬ್ ಮೆನು ಕಾಣುವುದಿಲ್ಲ. ಕೆಟ್ಟದ್ದಲ್ಲ. ಮೇಲೆ ಹೇಳಿದ ಹಾಗೆ ಕ್ರಮ ಬದಲಿಸಿ.

ವಿಂಡೋಸ್ ಸರಿ ಇದೆ, ಲಿನಕ್ಸ್ ಅರ್ಧ ದಾರಿಯಲ್ಲಿ ನಿಲ್ಲುತ್ತದೆ

ಎಲ್ಲಿ ನಿಂತಿತು ಅನ್ನುವುದೇ ಮುಖ್ಯ.

ಮೆನುವಿನಲ್ಲಿ ಉಬುಂಟು ಆರಿಸಿದ ಕೂಡಲೇ 'ಕರ್ನಲ್ ಪ್ಯಾನಿಕ್' ಬಂದರೆ, ಅಡ್ವಾನ್ಸ್‌ಡ್ ಆಪ್ಷನ್ಸ್ ತೆರೆದು ಹಳೆಯ ಕರ್ನಲ್ (ಲಿನಕ್ಸಿನ ತಿರುಳು) ಆರಿಸಿ. ಅದು ತೆರೆದರೆ ಹೊಸ ಕರ್ನಲ್ಲಿನ ಅಪ್‌ಡೇಟ್ ಅರ್ಧಕ್ಕೆ ನಿಂತಿದೆ, ಮತ್ತೆ ಅಪ್‌ಡೇಟ್ ಮಾಡಿದರೆ ಸಾಕು. ಬರೀ ಕಪ್ಪಾಗಿ ನಿಂತರೆ, ಅದರಲ್ಲೂ ಎನ್‌ವಿಡಿಯಾ ಕಾರ್ಡ್ ಇದ್ದರೆ, ಮೆನುವಿನಲ್ಲಿ ಇ ಒತ್ತಿ, ಲಿನಕ್ಸ್ ಅಂತ ಶುರುವಾಗುವ ಸಾಲಿನ ಕೊನೆಗೆ 'ನೋಮೋಡ್‌ಸೆಟ್' ಸೇರಿಸಿ ಎಫ್10 ಒತ್ತಿ. ತೆರೆದರೆ ಗ್ರಾಫಿಕ್ಸ್ ಡ್ರೈವರಿನದೇ ತೊಂದರೆ, ಪಾರ್ಟಿಶನ್ ಮುಟ್ಟುವ ಅಗತ್ಯವಿಲ್ಲ.

ಒಂದೂವರೆ ನಿಮಿಷ ಎಣಿಸುತ್ತಾ ನಿಂತು ಆಮೇಲೆ 'ಎಮರ್ಜೆನ್ಸಿ ಮೋಡ್' ಅಂದರೆ ಎಫ್‌ಎಸ್‌ಟ್ಯಾಬ್ (ಬೂಟ್ ಆಗುವಾಗ ಜೋಡಿಸಬೇಕಾದ ಪಾರ್ಟಿಶನ್ನುಗಳ ಪಟ್ಟಿ) ಫೈಲಿನಲ್ಲಿ ಬರೆದ ಯಾವುದೋ ಪಾರ್ಟಿಶನ್ ಸಿಗುತ್ತಿಲ್ಲ. ಡೇಟಾ ಡ್ರೈವನ್ನು ವಿಂಡೋಸಿನಲ್ಲಿ ಫಾರ್ಮ್ಯಾಟ್ ಮಾಡಿದ್ದೀರಾ? ಹಾಗಾದರೆ ಅದರ ಯುಯುಐಡಿ (ಗುರುತಿನ ನಂಬರ್) ಬದಲಾಗಿದೆ. 'ಬಿಎಲ್‌ಕೆಐಡಿ' ಕೊಟ್ಟು ಹೊಸ ಯುಯುಐಡಿ ನೋಡಿ, ಇಟಿಸಿ ಒಳಗಿನ ಆ ಫೈಲಿನಲ್ಲಿ ತಿದ್ದಿ. ಡೇಟಾ ಡ್ರೈವಿನ ಸಾಲಿಗೆ 'ನೋಫೇಲ್' ಸೇರಿಸಿದರೆ ಮುಂದೆ ಅದು ಸಿಗದಿದ್ದರೂ ಬೂಟ್ ನಿಲ್ಲುವುದಿಲ್ಲ.

'ಇನಿಟ್‌ರ್‍ಯಾಮ್‌ಎಫ್‌ಎಸ್' ಅಂತ ಕಂಸದಲ್ಲಿ ಬಂದು ನಿಂತರೆ ಫೈಲ್‌ಸಿಸ್ಟಮ್ ಪೆಟ್ಟು ತಿಂದಿದೆ. ಮಳೆಗಾಲದಲ್ಲಿ ಗೋವಾ ಕಡೆ ಕರೆಂಟ್ ಹೋಗಿ ಬಂದು ಮಾಡುವಾಗ ಯುಪಿಎಸ್ ಇಲ್ಲದ ಡೆಸ್ಕ್‌ಟಾಪುಗಳಿಗೆ ಹೀಗಾಗುವುದು ಸಹಜ. 'ಎಕ್ಸಿಟ್' ಕೊಟ್ಟರೆ ಯಾವ ಪಾರ್ಟಿಶನ್ ಅಂತ ಅದೇ ಹೇಳುತ್ತದೆ. ಆ ಹೆಸರಿಗೆ 'ಎಫ್‌ಎಸ್‌ಸಿಕೆ' ಓಡಿಸಿ. ಆದರೆ ವಿಂಡೋಸಿನ ಎನ್‌ಟಿಎಫ್‌ಎಸ್ ಪಾರ್ಟಿಶನ್ನಿಗೆ ಇದನ್ನು ಮಾಡಬೇಡಿ, ಅದಕ್ಕೆ ವಿಂಡೋಸಿನ 'ಸಿಎಚ್‌ಕೆಡಿಎಸ್‌ಕೆ' (ಚೆಕ್ ಡಿಸ್ಕ್) ಇದೆ. ಒಂದು ಸಲ ಸರಿಯಾಗಿ ವಾರದಲ್ಲಿ ಮತ್ತೆ ಅದೇ ಬಂದರೆ ಡಿಸ್ಕ್ ಸಾಯುತ್ತಿರಬಹುದು. ಲೈವ್ ಪೆನ್‌ಡ್ರೈವಿನ ಡಿಸ್ಕ್ಸ್ ಪ್ರೋಗ್ರಾಮಿನಲ್ಲಿ ಸ್ಮಾರ್ಟ್ ವರದಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಇಡುವ ಲೆಕ್ಕ) ನೋಡಿ. ಹಾರ್ಡ್ ಡಿಸ್ಕ್ ಆದರೆ ಐಡಿ 5 ಮತ್ತು 197 ಅಂತ ಇರುವ ಸಾಲುಗಳಲ್ಲಿ ಸೊನ್ನೆ ಇರಬೇಕು. ಏರುತ್ತಿದ್ದರೆ ರಿಪೇರಿ ಬಿಡಿ, ಕಾಪಿ ಮಾಡಿ.

'ಸೆಕ್ಯೂರಿಟಿ ಪಾಲಿಸಿ ವಯೊಲೇಶನ್' ಅಂದು ಆಫ್ ಆಗುತ್ತದೆ

ಇದಕ್ಕೆ ಪೂರ್ವಕಥೆ ಇದೆ. 2024ರ ಆಗಸ್ಟಿನ ವಿಂಡೋಸ್ ಅಪ್‌ಡೇಟ್ ಒಂದು ಹಳೆಯ ಗ್ರಬ್, ಶಿಮ್ (ಸೆಕ್ಯೂರ್ ಬೂಟ್ ಒಪ್ಪಲಿ ಅಂತ ಗ್ರಬ್ಬಿಗಿಂತ ಮೊದಲು ಓಡುವ ಸಣ್ಣ ಫೈಲ್) ಆವೃತ್ತಿಗಳನ್ನು ಸೆಕ್ಯೂರ್ ಬೂಟ್ ತಡೆಯುವ ಹಾಗೆ ಮಾಡಿತು. ಡ್ಯುಯಲ್ ಬೂಟ್ ಯಂತ್ರಗಳನ್ನು ಬಿಡಬೇಕಿತ್ತು, ಆದರೆ ಅನೇಕ ಯಂತ್ರಗಳಲ್ಲಿ ಲಿನಕ್ಸ್ ನಿಂತಿತು. ಎಸ್‌ಬಿಎಟಿ ಅನ್ನುವ ಪದ ಪರದೆಯಲ್ಲಿದ್ದರೆ ಇದೇ. ಬಿಟ್‌ಲಾಕರ್ ಕೀ ಕೈಯಲ್ಲಿಟ್ಟುಕೊಂಡು ಬಯೋಸಿನಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡಿ, ಲಿನಕ್ಸಿಗೆ ಹೋಗಿ ಪೂರ್ತಿ ಅಪ್‌ಡೇಟ್ ಮಾಡಿ, ಮತ್ತೆ ಸೆಕ್ಯೂರ್ ಬೂಟ್ ಆನ್ ಮಾಡಿ. ಹೊಸ ಶಿಮ್ ಬಂದಿದ್ದರೆ ತೆರೆಯುತ್ತದೆ. ಸೆಕ್ಯೂರ್ ಬೂಟನ್ನು ಸುಮ್ನೆ ಆಫ್ ಮಾಡಿಯೇ ಬಿಡುವುದು ನನಗೆ ಇಷ್ಟವಿಲ್ಲ.

ಎರಡೂ ತೆರೆಯುತ್ತವೆ, ಆದರೆ ಡ್ರೈವ್ ಬರೆಯಲು ಬಿಡುವುದಿಲ್ಲ, ಗಡಿಯಾರ ತಪ್ಪು

ಗಡಿಯಾರ ಸರಿಯಾಗಿ ಐದೂವರೆ ಗಂಟೆ ತಪ್ಪಿದ್ದರೆ ಅದು ದೋಷವೇ ಅಲ್ಲ. ಯಂತ್ರದ ಗಡಿಯಾರವನ್ನು ವಿಂಡೋಸ್ ಭಾರತದ ಸಮಯ ಅಂತ ಓದುತ್ತದೆ, ಲಿನಕ್ಸ್ ಯುಟಿಸಿ (ಜಾಗತಿಕ ಸಮಯ) ಅಂತ ಓದುತ್ತದೆ. ಲಿನಕ್ಸಿನಲ್ಲಿ 'ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1' ಕೊಟ್ಟರೆ ಇಬ್ಬರೂ ಒಪ್ಪುತ್ತಾರೆ.

ಡ್ರೈವ್ ಬರೆಯಲು ಬಿಡದಿದ್ದರೆ ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಕಾರಣ. ಶಟ್‌ಡೌನ್ ಮಾಡಿದರೂ ಅದು ಅರೆನಿದ್ದೆಯಲ್ಲಿರುತ್ತದೆ, ಪಾರ್ಟಿಶನ್ ಇನ್ನೂ ತನ್ನದೇ ಅಂದುಕೊಂಡಿರುತ್ತದೆ. ಬಲವಂತವಾಗಿ ಬರೆದರೆ ಫೈಲು ಕೆಡುತ್ತವೆ. ಕಂಟ್ರೋಲ್ ಪ್ಯಾನೆಲಿನ ಪವರ್ ಆಪ್ಷನ್ನಿನಲ್ಲಿ ಫಾಸ್ಟ್ ಸ್ಟಾರ್ಟಪ್ ತೆಗೆಯಿರಿ. ಎರಡು ಓಎಸ್ ಇರುವ ಪ್ರತಿಯೊಬ್ಬರೂ ಇದನ್ನು ಮೊದಲ ದಿನವೇ ಮಾಡಬೇಕು.

ಪಾರ್ಟಿಶನ್ನುಗಳೇ ಕಾಣುತ್ತಿಲ್ಲ

ನಿಲ್ಲಿ. ಆ ಡಿಸ್ಕಿಗೆ ಏನನ್ನೂ ಬರೆಯಬೇಡಿ. ಪಾರ್ಟಿಶನ್ ಅಳಿಸಿದಾಗ ಮೊದಲು ಹೋಗುವುದು ಪಟ್ಟಿಯಲ್ಲಿನ ಅದರ ಹೆಸರು. ಒಳಗಿನದನ್ನು ಅಳಿಸಿ ಬರೆದಿರುವುದಿಲ್ಲ. ಆದರೆ ಎಸ್‌ಎಸ್‌ಡಿ ಆಗಿದ್ದು ಅಳಿಸಿದ ಜಾಗವನ್ನು ಫಾರ್ಮ್ಯಾಟ್ ಮಾಡಿದ್ದರೆ ಟ್ರಿಮ್ (ಬಳಸದ ಜಾಗವನ್ನು ಎಸ್‌ಎಸ್‌ಡಿ ಖಾಲಿ ಮಾಡಿಕೊಳ್ಳುವ ಕೆಲಸ) ಓಡಿ ಡೇಟಾ ನಿಜವಾಗಿಯೂ ಹೋಗಿರಬಹುದು. ಅದಕ್ಕೇ ಇಲ್ಲಿ ಸಮಯ ಮುಖ್ಯ.

ಲೈವ್ ಪೆನ್‌ಡ್ರೈವಿನಿಂದ ಟೆಸ್ಟ್‌ಡಿಸ್ಕ್ ಅನ್ನುವ ಪ್ರೋಗ್ರಾಮ್ ಓಡಿಸಿ, ಅನಲೈಸ್ ಕೊಟ್ಟು ಹುಡುಕಲು ಬಿಡಿ. ಹಳೆಯ ಪಾರ್ಟಿಶನ್ ಸಿಕ್ಕಿದರೆ ಪಿ ಒತ್ತಿ ಒಳಗಿನ ಫೈಲುಗಳು ಕಾಣುತ್ತವೆಯಾ ನೋಡಿ, ಕಂಡರೆ ಬೇರೆ ಡಿಸ್ಕಿಗೆ ಕಾಪಿ ಮಾಡಿ. ಇಷ್ಟರ ತನಕ ಅದು ಬರೀ ಓದುತ್ತದೆ. 'ರೈಟ್' ಒತ್ತುವುದು ಆಮೇಲೆ, ಪಟ್ಟಿ ಪೂರ್ತಿ ಸರಿ ಇದೆ ಅಂತ ಖಾತ್ರಿ ಇದ್ದರೆ ಮಾತ್ರ. ಖಾತ್ರಿ ಇಲ್ಲದಿದ್ದರೆ ಒತ್ತಬೇಡಿ.

ಅಂಗಡಿಗೆ ಕೊಡುವಾಗ

ಡಿಸ್ಕ್ ಸದ್ದು ಮಾಡುತ್ತಿದ್ದರೆ, ಬಯೋಸಿನಲ್ಲಿ ಕಂಡು ಮಾಯವಾಗುತ್ತಿದ್ದರೆ, ಬಿಟ್‌ಲಾಕರ್ ಕೀ ಎಲ್ಲೂ ಸಿಗದಿದ್ದರೆ, ಪಾರ್ಟಿಶನ್ ಕಾಣದೆ ಒಳಗೆ ಬೇರೆಲ್ಲೂ ಇಲ್ಲದ ಫೈಲು ಇದ್ದರೆ ಮನೆಯಲ್ಲಿ ಮುಂದುವರಿಸಬೇಡಿ. ಆದರೆ ಕೀ ಇಲ್ಲದ ಬಿಟ್‌ಲಾಕರ್ ಡಿಸ್ಕನ್ನು ತೆರೆದುಕೊಡುತ್ತೇನೆ ಅನ್ನುವವರಿಗೆ ದುಡ್ಡು ಕೊಡಬೇಡಿ. ಕೀ ಇಲ್ಲದೆ ಅದು ಆಗುವ ಕೆಲಸವಲ್ಲ.

ಮುಂಬೈಯ ಲ್ಯಾಮಿಂಗ್ಟನ್ ರಸ್ತೆಯಲ್ಲಾಗಲಿ, ಪುಣೆಯ ತಪಕೀರ್ ಗಲ್ಲಿಯಲ್ಲಾಗಲಿ ಬಿಡಿಭಾಗ ಸಿಗುತ್ತವೆ, ಕೈ ಪಳಗಿದವರೂ ಇದ್ದಾರೆ. ಆದರೆ ಕೌಂಟರಿನಲ್ಲಿ ಮೊದಲು ಕೇಳುವ ಮಾತು 'ವಿಂಡೋ ಮಾರ್ ದೇತಾ ಹೂಂ' (ವಿಂಡೋಸ್ ಹೊಸದಾಗಿ ಹಾಕಿಬಿಡುತ್ತೇನೆ) ಅಂತಲೇ ಇರುತ್ತದೆ. ಅವರಿಗೆ ಅದೇ ಬೇಗದ ಕೆಲಸ. ಅಂಗಡಿಯಲ್ಲಿ ನಾಚಿಕೊಳ್ಳದೆ ಹೇಳಿ: 'ಭೈಯಾ, ದೋ ಓಎಸ್ ಹೈ, ಫಾರ್ಮ್ಯಾಟ್ ನಹೀಂ ಕರ್ನಾ'. ಬಿಲ್ಲಿನ ಮೇಲೂ ಅದನ್ನೇ ಬರೆಸಿಕೊಳ್ಳಿ. ಮೊದಲ ದಿನ ತೆಗೆದ ಆ ಪರದೆಯ ಫೋಟೋ ತೋರಿಸಿ. ಯಾವ ಪಾರ್ಟಿಶನ್ನಿನಲ್ಲಿ ಏನು ಇದೆ, ಎಷ್ಟು ಜಿಬಿ, ಇಲ್ಲಿಯ ತನಕ ನೀವು ಏನೇನು ಮಾಡಿದ್ದೀರಿ ಅನ್ನುವುದನ್ನು ಒಂದು ಕಾಗದದಲ್ಲಿ ಬರೆದು ಯಂತ್ರಕ್ಕೆ ಅಂಟಿಸಿ ಕೊಡಿ. ನೀವು ಮಾತಾಡಿದ ಹುಡುಗನೇ ಅದನ್ನು ಬಿಚ್ಚುತ್ತಾನೆ ಅಂತ ಇಲ್ಲ.